ನೋವು ಯಾರದು, ದನಿ ಯಾರದು? - ದೀಪಾ ಧನರಾಜ್ ಸಾಕ್ಷ್ಯಚಿತ್ರಗಳ ಬಗ್ಗೆ

ದಲಿತ ವಿಮರ್ಶೆ ಸಾಹಿತ್ಯಕ್ಕೆ ಕೇಳುತ್ತ ಬಂದ ಪ್ರಶ್ನೆಯೊಂದನ್ನು ಸಾಕ್ಷ್ಯಚಿತ್ರಕ್ಕೂ ಕೇಳಬೇಕಾಗಿದೆ: ನೋವು ಒಬ್ಬರದು, ಅದನ್ನು ಹೇಳುವ ದನಿ ಇನ್ನೊಬ್ಬರದು ಆದಾಗ ಏನಾಗುತ್ತದೆ? ಗುಂಡ್ಲುಪೇಟೆ, ಚಾಮರಾಜನಗರದ ಟಾಕೀಸುಗಳಲ್ಲಿ ಮುಖ್ಯ ಚಿತ್ರಕ್ಕೆ ಮೊದಲು ನಾವು ನೋಡುತ್ತಿದ್ದುದು ಫಿಲ್ಮ್ಸ್ ಡಿವಿಜನ್ನಿನ ಸರ್ಕಾರಿ ಚಿತ್ರಗಳನ್ನು. ಬಹುಪಾಲು ಚಿತ್ರಗಳಲ್ಲಿ ಬಡವರು ಕಾಣುತ್ತಿದ್ದರು, ಮಾತಾಡುತ್ತಿರಲಿಲ್ಲ. ಅವರ ಪರವಾಗಿ ಗಂಭೀರವಾದ ಗಂಡುದನಿಯೊಂದು ಎಲ್ಲ ಹೇಳಿಬಿಡುತ್ತಿತ್ತು. 'ಅವ್ರ ಬಾಯ್ಗ ಬೀಗ ಹಾಕವ್ರಾ?' ಅಂತ ನಮ್ಮ ಕೇರಿಯ ಹಿರಿಯರೊಬ್ಬರು ಕೇಳಿದ್ದರು.

ಈ ಬೀಗ ಒಡೆದವರಲ್ಲಿ ದೀಪಾ ಧನರಾಜ್ ಮುಖ್ಯರು. 1980ರಲ್ಲಿ ಅವರು ಆಭಾ ಭೈಯಾ, ಮೀರಾ ರಾವ್, ಛಾಯಾಗ್ರಾಹಕ ನವರೋಜ್ ಕಂಟ್ರಾಕ್ಟರ್ ಜೊತೆ ಸೇರಿ 'ಯುಗಾಂತರ' ಎಂಬ ಸ್ತ್ರೀವಾದಿ ಚಿತ್ರತಂಡ ಕಟ್ಟಿದರು. ಪುಣೆಯ ಮನೆಗೆಲಸದ ಹೆಂಗಸರ ಬಗ್ಗೆ 'ಮೋಲ್ಕರೀಣ್' (1981) ಮಾಡಿದ ಈ ತಂಡ ಆಮೇಲೆ ಬಂದದ್ದು ನಮ್ಮದೇ ರಾಜ್ಯದ ನಿಪ್ಪಾಣಿಗೆ. ಅಲ್ಲಿನ ತಂಬಾಕು ಕಾರ್ಖಾನೆಗಳ ಹೆಣ್ಣಾಳುಗಳು ಸಂಘ ಕಟ್ಟಿ ಮುಷ್ಕರ ಹೂಡಿದ ಕಥನವೇ 'ತಂಬಾಕು ಚಾಕಿಲಾ ಊಬ್ ಆಲಿ' (1982).

ಈ ಚಿತ್ರದ ಹೊಸತನ ಕ್ಯಾಮೆರಾದ ಚಮತ್ಕಾರದಲ್ಲಿಲ್ಲ, ಕೆಲಸದ ಕ್ರಮದಲ್ಲಿದೆ. ತಂಡ ನಾಲ್ಕು ತಿಂಗಳು ಆ ಹೆಂಗಸರೊಡನೆ ಕೆಲಸ ಮಾಡಿತು, ಅವರ ಮಾತಿಗೆ ಕಿವಿಗೊಟ್ಟಿತು. ಅದುವರೆಗೆ ಹೊರಗಿನವರು ಕಾಣದ ಕಾರ್ಖಾನೆಯ ಒಳಗು ತೆರೆಗೆ ಬಂತು. ಕಳೆದುಹೋದ ಘಟನೆಗಳನ್ನು ಅವನ್ನು ಬದುಕಿದವರೇ ಮತ್ತೆ ಅಭಿನಯಿಸಿ ತೋರಿಸಿದರು. ನಟಿಸಿದ್ದು ಸಾಕ್ಷ್ಯ ಹೇಗಾದೀತು ಎನ್ನುವವರುಂಟು. ನಮ್ಮ ಸೀಮೆಯ ನೀಲಗಾರರನ್ನು ನೋಡಿ. ತಂಬೂರಿ ಹಿಡಿದು ಮಂಟೇಸ್ವಾಮಿ ಕಥನ ಹಾಡುವಾಗ ಮುಮ್ಮೇಳದವನು ಎತ್ತಿದ ಸೊಲ್ಲನ್ನು ಹಿಮ್ಮೇಳದವರು ಹೊರುತ್ತಾರೆ. ಕತೆ ಒಬ್ಬನ ಸೊತ್ತಲ್ಲ. ಪ್ರತಿ ಸಾರಿ ಹಾಡಿದಾಗಲೂ ಅದು ಮತ್ತೆ ನಡೆಯುತ್ತದೆ. ನಿಪ್ಪಾಣಿಯ ಹೆಂಗಸರು ಮಾಡಿದ್ದೂ ಇಂಥದ್ದೇ. ಅದು ಸುಳ್ಳಲ್ಲ, ತಮ್ಮ ನೆನಪಿನ ಮೇಲೆ ತಾವೇ ಸ್ಥಾಪಿಸಿದ ಹಕ್ಕು.

ಮುಂದೆ ದೀಪಾ ಸರ್ಕಾರದ ಕುಟುಂಬ ಯೋಜನೆಯ ಹಿಂಸೆಯನ್ನು 'ಸಮ್‌ಥಿಂಗ್ ಲೈಕ್ ಎ ವಾರ್' (1991) ಚಿತ್ರದಲ್ಲಿ ಬಯಲಿಗೆಳೆದರು. 2016ರ ಜನವರಿ 17ರಂದು ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ರೋಹಿತ್ ವೇಮುಲ ಪ್ರಾಣ ಕಳಕೊಂಡ ಮೇಲೆ ಎದ್ದ ಚಳವಳಿಯನ್ನು ಕುರಿತು 'ವಿ ಹ್ಯಾವ್ ನಾಟ್ ಕಮ್ ಹಿಯರ್ ಟು ಡೈ' (2018) ಮಾಡಿದರು. 'ನಾವು ಸಾಯಲು ಬಂದವರಲ್ಲ' ಎನ್ನುವ ಆ ಹೆಸರಲ್ಲೇ ಒಂದು ನಿಲುವಿದೆ. ಅಲ್ಲಿ ದಲಿತ ವಿದ್ಯಾರ್ಥಿಗಳು ಮರುಕ ಬೇಡುವುದಿಲ್ಲ. ಜಾತಿ ವಿಶ್ವವಿದ್ಯಾಲಯದೊಳಗೆ ಹೇಗೆ ಕೆಲಸ ಮಾಡುತ್ತದೆ ಎಂದು ಅವರೇ ಬಿಡಿಸಿ ಹೇಳುತ್ತಾರೆ.

ಆದರೂ ನಮ್ಮ ಪ್ರಶ್ನೆ ಪೂರ್ತಿ ತೀರುವುದಿಲ್ಲ. ದನಿ ಕೊಟ್ಟವರು ಒಬ್ಬರು, ಕತ್ತರಿಸಿ ಜೋಡಿಸುವವರು ಇನ್ನೊಬ್ಬರು. ಈ ಅಂತರವನ್ನು ಯುಗಾಂತರ ಕಡಿಮೆ ಮಾಡಿತು, ಅಳಿಸಲಿಲ್ಲ. ಅಳಿಸುವ ಕೆಲಸ ನಮ್ಮದು. 2022ರ ಮಾರ್ಚಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯ ಕಲ್ಲು ಕ್ವಾರಿ ಕುಸಿದು ಕೂಲಿಯವರು ಸತ್ತಾಗ ಸುದ್ದಿಯಲ್ಲಿ ನಾನು ಕಂಡದ್ದು ಬಂಡೆ, ಯಂತ್ರ, ಅಧಿಕಾರಿಗಳು. ಕಲ್ಲು ಒಡೆಯುವವರ ಮಾತು ಹುಡುಕಬೇಕಾಗಿತ್ತು. ಈಗ ಎಲ್ಲರ ಜೇಬಲ್ಲೂ ಕ್ಯಾಮೆರಾ ಅದೆ. ನಾಲ್ಕು ತಿಂಗಳು ಕೂತು ಕೇಳೋ ತಾಳ್ಮೆ ಎಲ್ಲದೆ?

ಯುಗಾಂತರದ ಚಿತ್ರಗಳನ್ನು ಹೆಣ್ಣುಮಕ್ಕಳ ಗುಂಪುಗಳಲ್ಲಿ, ಕಾರ್ಮಿಕರ ನಡುವೆ ತೋರಿಸಿ ಚರ್ಚೆ ಮಾಡುತ್ತಿದ್ದರು. ಅವು ಈಗ ಡಿಜಿಟಲ್ ರೂಪದಲ್ಲಿ ಉಳಿದಿವೆ. ನಮ್ಮ ಹಾಸ್ಟೆಲುಗಳಲ್ಲಿ, ಕೇರಿಗಳಲ್ಲಿ ನಿಪ್ಪಾಣಿಯ ಚಿತ್ರ ತೋರಿಸೋಣ. ಮರಾಠಿ ಮಾತನ್ನು ಯಾರಾದರೊಬ್ಬರು ನಮ್ಮ ಆಡುಮಾತಿನಲ್ಲಿ ಹೇಳುತ್ತ ಹೋಗಲಿ. ದೀಪ ಹಾಕಿದ ಮೇಲೆ ಮೊದಲು ಮಾತಾಡಬೇಕಾದವರು ಕೂಲಿಯಿಂದ ಬಂದ ಹೆಂಗಸರು.