ವಿಷವಿರುವ ಮೀನು ಸಾಧು, ವಿಷವಿಲ್ಲದ್ದು ಪುಂಡ

ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟಿರುವ ಓದುಗರೊಬ್ಬರ ಪ್ರಶ್ನೆ ಇದು: ‘ಅಂಗಡಿಯವರು ಫ್ಯಾಂಗ್ ಬ್ಲೆನ್ನಿ ಎಂಬ ಹಳದಿ ಬಾಲದ ಮೀನು ತೋರಿಸಿದರು. ಅದು ಕಚ್ಚುತ್ತದೆ, ಹಲ್ಲಿನಲ್ಲಿ ವಿಷವಿದೆ, ಆದರೂ ಬೇರೆ ಮೀನುಗಳ ಜೊತೆ ಧಾರಾಳವಾಗಿ ಬಿಡಬಹುದು ಎಂದರು. ನಂಬಬಹುದೇ?’

ನಂಬಬಹುದು. ಈ ಮೀನು ಮೀಯಕ್ಯಾಂತಸ್ ಎಂಬ ಕುಲಕ್ಕೆ ಸೇರಿದ್ದು. ಇದರಲ್ಲಿ ಸುಮಾರು ಮೂವತ್ತು ಪ್ರಭೇದಗಳಿವೆ. ಹೆಚ್ಚಿನವು ಬೆರಳುದ್ದ ಬೆಳೆಯುತ್ತವೆ. ತೊರಕೆ, ಲಯನ್‌ಫಿಶ್‌ನಂಥ ವಿಷದ ಮೀನುಗಳಿಗೆ ಆಯುಧವಿರುವುದು ಮುಳ್ಳಿನಲ್ಲಿ. ಹಾವಿನ ಹಾಗೆ ಕಚ್ಚಿ ವಿಷವೇರಿಸುವ ಮೀನುಗಳು ತೀರಾ ಅಪರೂಪ. ಈ ಬ್ಲೆನ್ನಿಯ ಕೆಳದವಡೆಯಲ್ಲಿ ಎರಡು ದೊಡ್ಡ ಕೋರೆಹಲ್ಲುಗಳಿವೆ. ಬುಡದಲ್ಲಿ ವಿಷಗ್ರಂಥಿ, ಹಲ್ಲಿನ ಉದ್ದಕ್ಕೂ ವಿಷ ಹರಿಯಲು ತೋಡು.

ಇಷ್ಟೆಲ್ಲ ಇದ್ದೂ ಅದು ಬೇಟೆಗೆ ವಿಷ ಬಳಸುವುದಿಲ್ಲ. ಹವಾಯಿ ವಿಶ್ವವಿದ್ಯಾಲಯದ ಜಾರ್ಜ್ ಲೋಸಿ 1972ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದರ ವಿವರವಿದೆ. ದೊಡ್ಡ ಮೀನು ಬ್ಲೆನ್ನಿಯನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ಮರುಕ್ಷಣವೇ ಅದರ ತಲೆ ಗಡಗಡ ನಡುಗುತ್ತದೆ, ದವಡೆ ಮತ್ತು ಕಿವಿರಿನ ಮುಚ್ಚಳ ಅಗಲವಾಗಿ ತೆರೆದುಕೊಳ್ಳುತ್ತವೆ. ಬ್ಲೆನ್ನಿ ಒಂದು ಗಾಯವೂ ಇಲ್ಲದೆ ಈಜಿ ಹೊರಬರುತ್ತದೆ! ಕಚ್ಚಿದ್ದು ಶತ್ರುವಿನ ಬಾಯೊಳಗಿನಿಂದ. ಒಮ್ಮೆ ಈ ರುಚಿ ಕಂಡ ಮೀನು ಮತ್ತೆ ಅದರ ತಂಟೆಗೆ ಹೋಗುವುದು ಕಡಿಮೆ.

ಇದರ ಲಾಭ ಬೇರೆಯವರಿಗೂ ಸಿಕ್ಕಿದೆ. ಬೀದಿಯ ಒಂದು ಮನೆಯಲ್ಲಿ ನಿಜವಾಗಿಯೂ ಕಚ್ಚುವ ನಾಯಿ ಇದೆ, ಗೇಟಿನ ಮೇಲೆ ‘ನಾಯಿ ಇದೆ, ಎಚ್ಚರಿಕೆ’ ಫಲಕ ಇದೆ ಎಂದುಕೊಳ್ಳಿ. ನಾಯಿಯೇ ಇಲ್ಲದ ಪಕ್ಕದ ಮನೆಯವರೂ ಅಂಥದೇ ಫಲಕ ತೂಗುಹಾಕಿದರೆ ಕಳ್ಳ ಅಲ್ಲಿಗೂ ಕಾಲಿಡುವುದಿಲ್ಲ. ಆದರೆ ಬೀದಿ ತುಂಬ ಬರೀ ಫಲಕಗಳೇ ಆದರೆ, ಒಂದೆರಡು ಗೇಟು ಹಾರಿ ನೋಡಿದ ಕಳ್ಳನಿಗೆ ಭಯ ಹೋಗುತ್ತದೆ, ಆಗ ನಾಯಿ ಸಾಕಿದವರಿಗೂ ಕಾಟ. ಹಾಗಾಗಿ ನಾಯಿಗಳಿಗಿಂತ ಸುಳ್ಳು ಫಲಕಗಳು ಕಡಿಮೆ ಇದ್ದಾಗಲೇ ಈ ಉಪಾಯ ಚೆನ್ನಾಗಿ ನಡೆಯುವುದು. ಹವಳದ ದಿಬ್ಬಗಳಲ್ಲಿ ಈ ಫಲಕ ಎಂದರೆ ಬಣ್ಣ ಮತ್ತು ಪಟ್ಟೆ. ವಿಷವಿಲ್ಲದ ಹಲವು ಮೀನುಗಳು ಮೀಯಕ್ಯಾಂತಸ್‌ನ ವೇಷ ಧರಿಸಿ ಬದುಕುತ್ತವೆ.

ಅವುಗಳಲ್ಲಿ ಪ್ಲಾಜಿಯೋಟ್ರೀಮಸ್ ಎಂಬ ಸೋದರ ಕುಲದವು ನಿಜವಾದ ಪುಂಡರು. ಕೋರೆಹಲ್ಲಿದೆ, ವಿಷವಿಲ್ಲ. ಓಡಿ ಬಂದು ಬೇರೆ ಮೀನುಗಳ ರೆಕ್ಕೆ, ಹುರುಪೆಗಳನ್ನು ಕಚ್ಚಿ ತಿಂದು ಮಾಯವಾಗುವುದೇ ಅವುಗಳ ಹೊಟ್ಟೆಪಾಡು. ಓದುಗರು ಹೆದರಬೇಕಾದದ್ದು ಇವಕ್ಕೆ. ಹಳದಿ ಬಾಲದ ಬ್ಲೆನ್ನಿಗೂ ಇಂಥದೊಂದು ನಕಲು ಇರುವುದರಿಂದ ಕೊಳ್ಳುವಾಗ ಬಾಯಿ ನೋಡಿ: ಮೂತಿಯ ತುದಿಯಲ್ಲಿದ್ದರೆ ಸರಿ, ಮೂತಿಯ ಅಡಿಯಲ್ಲಿ ಮರೆಯಾದಂತಿದ್ದರೆ ಬೇಡ.

2017ರಲ್ಲಿ ಲಿವರ್‌ಪೂಲ್‌ನ ನಿಕೊಲಸ್ ಕೇಸ್‌ವೆಲ್, ಕ್ವೀನ್ಸ್‌ಲ್ಯಾಂಡ್‌ನ ಬ್ರಯಾನ್ ಫ್ರೈ ಮತ್ತು ಸಂಗಡಿಗರು ಈ ವಿಷವನ್ನು ವಿಶ್ಲೇಷಿಸಿದರು. ಈ ಬಳಗದಲ್ಲಿ ಕೋರೆಹಲ್ಲು ಮೊದಲು ಬಂತು, ವಿಷ ಆಮೇಲೆ ಸೇರಿತು ಎಂಬುದು ಅವರ ಒಂದು ತೀರ್ಮಾನ. ನನಗೆ ಅದೇ ಮುಖ್ಯ. ಪತ್ರಿಕೆಗಳು ಎತ್ತಿಕೊಂಡದ್ದು ಮಾತ್ರ ಇನ್ನೊಂದನ್ನು. ವಿಷದಲ್ಲಿ ಅಫೀಮಿನಂತೆ ವರ್ತಿಸುವ ಪೆಪ್ಟೈಡ್ ಸಿಕ್ಕಿತ್ತು, ಚುಚ್ಚಿದಾಗ ಸುಂಡಿಲಿಗಳು ನೋವಿನ ಲಕ್ಷಣ ತೋರಲಿಲ್ಲ. ಸರಿ, ‘ಹೆರಾಯಿನ್ ಮೀನು’, ‘ಹೊಸ ನೋವುನಿವಾರಕ’ ಎಂದು ತಲೆಬರಹಗಳು ಬಂದವು. ನೋವು ಹುಟ್ಟಿಸದಿರುವುದು ಬೇರೆ, ಇದ್ದ ನೋವನ್ನು ಕಳೆಯುವುದು ಬೇರೆ. ಪ್ರಯೋಗದಲ್ಲಿ ಎದ್ದು ಕಂಡದ್ದು ರಕ್ತದೊತ್ತಡದ ಇಳಿಕೆ, ಸುಮಾರು ಶೇ 37. ನುಂಗಿದ ಮೀನು ತಲೆಸುತ್ತಿ ಬಾಯಿ ಬಿಡಲು ಅದೇ ಕಾರಣವಿರಬಹುದು ಎಂಬುದು ಸಂಶೋಧಕರ ಊಹೆ. ಆ ಸಂಶೋಧನೆಯಿಂದ ಔಷಧ ಹುಟ್ಟಿತೆಂದು ಹೇಳುವುದು ಬರೀ ಉತ್ಸಾಹ.

ಇನ್ನು ಸಾಕುವ ಮಾತು. ನೂರು ಲೀಟರಿಗೆ ಕಡಿಮೆಯಿಲ್ಲದ ತೊಟ್ಟಿ, ಮೇಲೆ ಮುಚ್ಚಳ, 25 ಡಿಗ್ರಿ ಆಸುಪಾಸಿನ ನೀರು, ತಿನ್ನಲು ಹೆಪ್ಪುಗಟ್ಟಿಸಿದ ಮೈಸಿಸ್ ಸೀಗಡಿ. ಇದು ಹವಳವನ್ನು ಮುಟ್ಟುವುದಿಲ್ಲ, ತನ್ನ ಪಾಡಿಗೆ ತೊಟ್ಟಿಯ ನಡುನೀರಿನಲ್ಲಿ ತೇಲುತ್ತಿರುತ್ತದೆ. ಉಳಿದ ಬ್ಲೆನ್ನಿಗಳಂತೆ ತಳ ಹಿಡಿದು ಕೂರದಿರಲು ಇದರ ಗಾಳಿಚೀಲ ಕಾರಣ. ಬೇರೆ ತೊಟ್ಟಿಗೆ ಬದಲಿಸುವಾಗ ಕೈಯಲ್ಲಿ ಹಿಡಿಯಬೇಡಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರಿನ ಸಮೇತ ಎತ್ತಿ. ಕಚ್ಚಿಸಿಕೊಂಡವರು ಅದನ್ನು ಜೇನುಹುಳು ಕುಟುಕಿದ ನೋವಿಗೆ ಹೋಲಿಸಿದ್ದಾರೆ. ಕಚ್ಚಿದರೆ ಸೋಪು ಹಚ್ಚಿ ತೊಳೆಯಿರಿ. ಊತ ಹರಡಿದರೆ ಅಥವಾ ಉಸಿರು ಕಟ್ಟಿದಂತಾದರೆ ತಡಮಾಡದೆ ವೈದ್ಯರ ಬಳಿಗೆ ಹೋಗಿ.

ಕೊನೆಯದಾಗಿ, ಮೀನಿಗೆ ಒಪ್ಪುವ ಮನೆ ಕಟ್ಟುವ ಹುರುಪಿನಲ್ಲಿ ಯಾರೋ ಕದ್ದು ಮಾರುವ ಹವಳ ಕೊಳ್ಳಬೇಡಿ. ದಿಬ್ಬ ಕಟ್ಟುವ ಹವಳಗಳು 2001ರಿಂದ ನಮ್ಮ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿವೆ, ಹುಲಿಗಿರುವ ರಕ್ಷಣೆಯೇ ಅವಕ್ಕೂ ಇದೆ. ಮೀನನ್ನೂ ಆದಷ್ಟು ತೊಟ್ಟಿಯಲ್ಲೇ ಮರಿ ಮಾಡಿಸಿದ್ದನ್ನು ಕೇಳಿ ಕೊಳ್ಳಿ. ಮೀಯಕ್ಯಾಂತಸ್‌ನ ಕೆಲವು ಪ್ರಭೇದಗಳನ್ನು ಹಾಗೆ ಬೆಳೆಸುತ್ತಾರೆ. ಮೀನು ಅವಿತುಕೊಳ್ಳಲು ಕೃತಕ ಬಂಡೆಯ ಸಂದೋ, ಒಂದು ತುಂಡು ಪಿವಿಸಿ ಕೊಳವೆಯೋ ಇದ್ದರೆ ಸಾಕು.