ಜಲ್ಲಿಗೂ ಡಾಂಬರಿಗೂ ನಡುವೆ ನುಗ್ಗುವ ನೀರು

ರಾಮನಗರ ಸೀಮೆಯ ವಿರೂಪಾಕ್ಷಿಪುರ ಹೋಬಳಿಯಂಥ ಕಡೆ ಹಳ್ಳಿ ರಸ್ತೆಯಲ್ಲಿ ಗುಂಡಿ ಎಲ್ಲಿ ಹುಟ್ಟುತ್ತದೆಂದು ಮಳೆಗಾಲಕ್ಕೆ ಮೊದಲೇ ಹೇಳಬಹುದು. ಬೋರ್‌ವೆಲ್ ರಸ್ತೆಯ ಈಚೆಗಿದ್ದು ಹಿಪ್ಪುನೇರಳೆ ತೋಟ ಆಚೆಗಿದ್ದರೆ, ಡಾಂಬರಿಗೆ ಅಡ್ಡಲಾಗಿ ಗೇಣಗಲ ಅಗೆದು ಪೈಪು ದಾಟಿಸುತ್ತಾರೆ. ಮೇಲೆ ಮಣ್ಣೆಳೆದು, ಕೈಗೆ ಸಿಕ್ಕ ಕಲ್ಲು ತುಂಬಿ ಮುಚ್ಚುತ್ತಾರೆ. ಮೊದಲ ಮಳೆಗೆ ಆ ಮಣ್ಣು ಕುಸಿಯುತ್ತದೆ. ನೀರು ಅಲ್ಲಿ ನಿಂತು, ಕತ್ತರಿಸಿದ ಅಂಚಿನ ಮೂಲಕ ಡಾಂಬರಿನ ಹೊಟ್ಟೆಯೊಳಗೆ ಇಳಿಯುತ್ತದೆ. ತೆಂಗಿನಕಾಯಿ ಲಾರಿಗಳು ಓಡಾಡಿದ ಮೇಲೆ ಎರಡೂ ಬದಿಯ ಅಂಚಿನಿಂದ ಜಲ್ಲಿ ಏಳತೊಡಗುತ್ತದೆ. ಏಳುವ ಜಲ್ಲಿಯನ್ನು ಎತ್ತಿ ನೋಡಿ: ಬಹಳಷ್ಟು ಸಲ ಅದು ಕರಿಯಾಗಿರುವುದಿಲ್ಲ, ಕ್ರಷರ್‌ನಿಂದ ಬಂದ ದಿನದ ಹಾಗೆ ಬೆಳ್ಳಗಿರುತ್ತದೆ. ಡಾಂಬರು ಬಿಟ್ಟುಹೋಗಿದೆ.

ಈ ಬೆಳ್ಳಗಾಗುವಿಕೆಯೇ ನಮ್ಮ ಸೀಮೆಯ ರಸ್ತೆಗಳ ದೊಡ್ಡ ಕಾಯಿಲೆ. ಡಾಂಬರು ಮಿಶ್ರಣದ ನೂರು ಕಿಲೋದಲ್ಲಿ ಡಾಂಬರು ಐದು ಕಿಲೋ ಆಸುಪಾಸು, ಉಳಿದದ್ದು ಜಲ್ಲಿ ಮತ್ತು ಜಲ್ಲಿಪುಡಿ. ಭಾರ ಹೊರುವುದು ಕಲ್ಲು, ಡಾಂಬರು ಅದನ್ನು ಅಂಟಿಸಿ ಹಿಡಿಯುತ್ತದೆ, ನೀರನ್ನು ತಡೆಯುತ್ತದೆ. ಆ ಅಂಟು ಎಷ್ಟು ಗಟ್ಟಿ ಎಂಬುದು ಕಲ್ಲಿನ ಜಾತಿಯ ಮೇಲೂ ನಿಂತಿದೆ. ರಾಮನಗರದ ಬೆಟ್ಟಗಳ ಕಲ್ಲನ್ನು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿದ್ದ ಹೆಸರು ಕಲ್ಲಿಗೆ ಉಳಿದುಕೊಂಡಿದೆ. ಸುಮಾರು 250 ಕೋಟಿ ವರ್ಷದ ಗಟ್ಟಿ ಕಲ್ಲು. ಆದರೆ ಗ್ರಾನೈಟ್‌ನಲ್ಲಿ ಸಿಲಿಕಾ ಹೆಚ್ಚು, ಸಿಲಿಕಾದ ಮೈಗೆ ಡಾಂಬರಿಗಿಂತ ನೀರಿನ ಮೇಲೆ ಸೆಳೆತ ಜಾಸ್ತಿ. ಸಣ್ಣ ಸಂದು ಸಿಕ್ಕರೂ ನೀರು ಕಲ್ಲಿನ ಮೈ ಹಿಡಿದು ತೆವಳಿ, ಡಾಂಬರಿನ ಪದರವನ್ನು ಎಬ್ಬಿಸುತ್ತದೆ. ಸುಣ್ಣಕಲ್ಲಿಗೆ ಈ ತೊಂದರೆ ಕಡಿಮೆ. ಗಟ್ಟಿ ಕಲ್ಲಿದ್ದರೆ ಗಟ್ಟಿ ರಸ್ತೆ ಎಂದುಕೊಳ್ಳುವವರು ಇದನ್ನು ಗಮನಿಸಬೇಕು.

ಇದಕ್ಕೊಂದು ಸರಳ ಪರೀಕ್ಷೆಯಿದೆ. ಡಾಂಬರು ಸವರಿದ ಜಲ್ಲಿಯನ್ನು 40 ಡಿಗ್ರಿ ಬಿಸಿಯ ನೀರಿನಲ್ಲಿ 24 ಗಂಟೆ ಮುಳುಗಿಸಿಡುತ್ತಾರೆ. ಆಮೇಲೆ ನೋಡಿದರೆ ಕಲ್ಲಿನ ಮೈಯಲ್ಲಿ ನೂರಕ್ಕೆ 95 ಭಾಗವಾದರೂ ಕಪ್ಪಾಗಿಯೇ ಉಳಿದಿರಬೇಕು. ಜಲ್ಲಿ ಸೋತರೆ ಮಿಶ್ರಣಕ್ಕೆ ನೂರಕ್ಕೆ ಎರಡರಷ್ಟು ಅರಳಿದ ಸುಣ್ಣದ ಪುಡಿ ಬೆರೆಸುವುದು ಹಳೆಯ ಮದ್ದು. ಇನ್ನೊಂದು ಮದ್ದು ಪ್ಲಾಸ್ಟಿಕ್. ಮಧುರೈನ ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನ ಆರ್. ವಾಸುದೇವನ್ ತೋರಿಸಿದ ದಾರಿಯಲ್ಲಿ, ಕಾದ ಜಲ್ಲಿಯ ಮೇಲೆ ಚೂರು ಮಾಡಿದ ಪಾಲಿಥೀನ್ ಉದುರಿಸುತ್ತಾರೆ. ಅದು ಕರಗಿ ಕಲ್ಲಿನ ಸುತ್ತ ತೆಳು ಪೊರೆಯಾಗುತ್ತದೆ, ಆ ಪೊರೆಗೆ ಡಾಂಬರು ಭದ್ರವಾಗಿ ಕಚ್ಚಿಕೊಳ್ಳುತ್ತದೆ. ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಬೆಂಗಳೂರಿನಲ್ಲಿ ಅಹ್ಮದ್ ಖಾನ್, ರಸೂಲ್ ಖಾನ್ ಸಹೋದರರು ವಾಸುದೇವನ್ ಈ ದಾರಿ ತೋರಿಸಿದ ಸರಿಸುಮಾರು ಅದೇ ಕಾಲಕ್ಕೆ ಕಸದ ಪ್ಲಾಸ್ಟಿಕ್ಕನ್ನು ಡಾಂಬರಿಗೆ ಬೆರೆಸಿ ರಸ್ತೆ ಮಾಡಿದರು. ಪಿವಿಸಿ ಪೈಪಿನ ಚೂರನ್ನು ಮಾತ್ರ ಇದಕ್ಕೆ ಸೇರಿಸಬಾರದು, ಕಾದರೆ ವಿಷದ ಹೊಗೆ ಬರುತ್ತದೆ.

ನೀರಿಗೆ ಸಂದು ಸಿಗದಂತೆ ಮಾಡುವುದು ರೋಲರ್‌ನ ಕೆಲಸ. ಮಿಶ್ರಣದಲ್ಲಿ ಗಾಳಿಯ ಜಾಗ ನೂರಕ್ಕೆ ಮೂರರಿಂದ ಐದು ಇರಲೆಂದು ಲೆಕ್ಕ ಹಾಕುತ್ತಾರೆ. ರೋಲರ್ ಸರಿಯಾಗಿ ಓಡದೆ ಅದು ಎಂಟು ದಾಟಿತೆಂದರೆ ಸಂದುಗಳು ಒಂದಕ್ಕೊಂದು ಕೂಡಿಕೊಂಡು ನೀರಿಗೆ ಹಾದಿಯಾಗುತ್ತವೆ. ಆಮೇಲೆ ಪ್ರತಿ ಚಕ್ರವೂ ಒಳಗಿನ ನೀರನ್ನು ಒತ್ತಿ, ಮುಂದೆ ಹೋಗುವಾಗ ಹೀರಿ, ಡಾಂಬರನ್ನು ಕಲ್ಲಿನಿಂದ ಕೀಳುತ್ತದೆ. ಗಟ್ಟಿಯಾಗಿ ಕೂರಿಸಲು ಸಮಯ ಬಹಳ ಕಡಿಮೆ. ಈಗ ಸಾಮಾನ್ಯವಾಗಿ ಬಳಸುವ ವಿಜಿ-30 ದರ್ಜೆಯ ಡಾಂಬರಿನ ಮಿಶ್ರಣ ಪ್ಲಾಂಟಿನಲ್ಲಿ 150ರಿಂದ 165 ಡಿಗ್ರಿಯಲ್ಲಿ ತಯಾರಾಗುತ್ತದೆ. ಹಾಸುವಾಗ 140 ಡಿಗ್ರಿಗಿಂತ ಕೆಳಗಿಳಿದಿರಬಾರದು, 90ಕ್ಕೆ ಇಳಿಯುವುದರೊಳಗೆ ರೋಲರ್ ಕೆಲಸ ಮುಗಿಯಬೇಕು. ಆರಿದ ಹಿಟ್ಟನ್ನು ತಿರುವಿದರೆ ಮುದ್ದೆ ಕಟ್ಟದ ಹಾಗೆ, ಆರಿದ ಡಾಂಬರಿನ ಮೇಲೆ ರೋಲರ್ ಎಷ್ಟು ಓಡಿಸಿದರೂ ಕೂರುವುದಿಲ್ಲ. ಪದರ ತೆಳುವಾದಷ್ಟೂ ಬೇಗ ಆರುತ್ತದೆ. ಅದಕ್ಕೇ ಮಾಗಿಯ ಬೆಳಗಿನ ಚಳಿಯಲ್ಲಿ, ತುಂತುರು ಮಳೆಯಲ್ಲಿ ತೆಳು ಡಾಂಬರು ಹಾಕುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ರೋಲರ್ ಅಂಚಿನಿಂದ ಶುರುವಾಗಿ ನಡುವಿಗೆ ಬರಬೇಕು, ಗಂಟೆಗೆ ಐದು ಕಿಲೋಮೀಟರ್ ಮೀರಬಾರದು. ಊರಿನವರು ಪಕ್ಕದಲ್ಲಿ ನಿಂತು ನೋಡಬಹುದಾದ ಸಂಗತಿಗಳಿವು. ಲಾರಿಯಲ್ಲಿ ಬಂದ ಮಿಶ್ರಣಕ್ಕೆ ಥರ್ಮಾಮೀಟರ್ ಚುಚ್ಚಿ ತೋರಿಸಿ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಎಲ್ಲ ಕಡೆಗೂ ಡಾಂಬರೇ ಬೇಕೆಂದಿಲ್ಲ. ಡಾಂಬರು ನಿಧಾನವಾಗಿ ಹರಿಯುವ ವಸ್ತು: ಓಡುವ ಬಸ್ಸನ್ನು ತಾಳಿಕೊಳ್ಳುತ್ತದೆ, ಬೇಸಿಗೆಯ ಮಧ್ಯಾಹ್ನ ಗಂಟೆಗಟ್ಟಲೆ ನಿಂತ ಲಾರಿಯ ಚಕ್ರದಡಿ ತಗ್ಗಾಗುತ್ತದೆ. ಡೀಸೆಲ್, ಎಂಜಿನ್ ಆಯಿಲ್ ಸೋರಿದರೆ ಕರಗುತ್ತದೆ, ಏಕೆಂದರೆ ಅವೆಲ್ಲ ಒಂದೇ ಕಚ್ಚಾ ತೈಲದ ಮಕ್ಕಳು. ಆದ್ದರಿಂದ ಬಸ್ ನಿಲ್ದಾಣ, ಕಾಯಿ ತುಂಬುವ ಅಂಗಳ, ಗ್ಯಾರೇಜಿನ ಮುಂದೆಲ್ಲ ಕಾಂಕ್ರೀಟೇ ವಾಸಿ. ಕಾರು, ಬೈಕು ನಿಲ್ಲುವ ಕಲ್ಯಾಣ ಮಂಟಪದ ಜಾಗಕ್ಕೆ ಡಾಂಬರು ಸಾಕು. ಮನೆಯ ಮುಂದಿನ ಸಣ್ಣ ಜಾಗಕ್ಕೆಂದೇ ದೂರದ ಪ್ಲಾಂಟಿನಿಂದ ಮಿಶ್ರಣ ತರಿಸಿದರೆ ದಾರಿಯಲ್ಲೇ ಆರಿಹೋಗುತ್ತದೆ. ಊರಿಗೆ ರಸ್ತೆ ಕೆಲಸ ಬಂದಾಗ ಅದರ ಜೊತೆಗೇ ಹಾಕಿಸಿಕೊಳ್ಳಲು ಆದರೆ ಒಳ್ಳೆಯದು, ಇಲ್ಲದಿದ್ದರೆ ಇಂಟರ್‌ಲಾಕ್ ಕಲ್ಲು ಜಾಣತನ. ಎಂ-ಸ್ಯಾಂಡ್ ಟಿಪ್ಪರ್‌ಗಳು ಓಡಾಡುವ ದಾರಿಗೆ ಲೆಕ್ಕವೇ ಬೇರೆ. ಅಮೆರಿಕದ ಇಲಿನಾಯ್ಸ್‌ನಲ್ಲಿ 1958ರಿಂದ 1960ರವರೆಗೆ ಲಾರಿ ಓಡಿಸಿ ನೋಡಿದ ಪ್ರಯೋಗದಿಂದ ತಿಳಿದದ್ದು ಇದು: ಅಚ್ಚಿನ ಮೇಲಿನ ಭಾರ ಎರಡರಷ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು ಹದಿನಾರರಷ್ಟು.

ಹಾಕಿದ ಮೇಲೆ ಕಾಪಾಡುವುದೆಂದರೆ ಮುಖ್ಯವಾಗಿ ನೀರನ್ನು ದೂರವಿಡುವುದು. ಮೂರೂ ಮುಕ್ಕಾಲು ಮೀಟರ್ ಅಗಲದ ಹಳ್ಳಿ ರಸ್ತೆಯ ನಡು ಅಂಚಿಗಿಂತ ನಾಲ್ಕೈದು ಸೆಂಟಿಮೀಟರ್ ಎತ್ತರವಿರಬೇಕು. ಪಕ್ಕದ ಮಣ್ಣು ಡಾಂಬರಿನ ಅಂಚಿಗಿಂತ ಎತ್ತರ ಬೆಳೆದಿದ್ದರೆ ಕೆತ್ತಿ ತೆಗೆಯಬೇಕು. ರಾಗಿ, ಹುರುಳಿ ಒಕ್ಕಣೆಯಾದ ಮೇಲೆ ಉಳಿದ ಹೊಟ್ಟು ಚರಂಡಿ, ಮೋರಿಗಳಲ್ಲಿ ಕಟ್ಟಿಕೊಳ್ಳದಂತೆ ಬಾಚಬೇಕು. ಹೆದ್ದಾರಿಯನ್ನೂ ನೀರು ಬಿಡುವುದಿಲ್ಲ. 2022ರ ಆಗಸ್ಟ್ ಕೊನೆಯ ಮಳೆಗೆ ರಾಮನಗರದ ಬಳಿ ಬೆಂಗಳೂರು-ಮೈಸೂರು ಹೆದ್ದಾರಿ ಜಲಾವೃತವಾದದ್ದನ್ನು ನಾವೆಲ್ಲ ಕಂಡಿದ್ದೇವೆ. ಬಿಸಿಲಿಗೆ ವರ್ಷವರ್ಷವೂ ಡಾಂಬರು ಒಣಗಿ ಪೆಡಸಾಗಿ ಬಿರುಕು ಬಿಡುತ್ತದೆ. ಕೂದಲೆಳೆಯ ಬಿರುಕನ್ನು ಬೇಸಿಗೆಯಲ್ಲೇ ತುಂಬಿದರೆ ಖರ್ಚು ಅಲ್ಪ.

ಗುಂಡಿ ಬಿದ್ದೇ ಬಿದ್ದರೆ, ನೀರು ನಿಂತ ಗುಂಡಿಗೆ ಮಿಶ್ರಣ ಸುರಿದು ಸಲಿಕೆಯಲ್ಲಿ ತಟ್ಟಿದ ತೇಪೆ ನಿಲ್ಲುವುದಿಲ್ಲ. ಸುತ್ತಲ ಸಡಿಲ ಭಾಗವನ್ನು ಚೌಕವಾಗಿ, ಬದಿ ನೆಟ್ಟಗೆ ನಿಲ್ಲುವಂತೆ ಕತ್ತರಿಸಿ, ಒಣಗಿಸಿ, ಗುಡಿಸಿ, ತಳಕ್ಕೂ ಬದಿಗೂ ಡಾಂಬರು ಎಮಲ್ಷನ್ ಸವರಿ, ಆಮೇಲೆ ತುಂಬಿ ಅದುಮಬೇಕು. ಪೈಪಿಗಾಗಿ ಅಗೆದ ಜಾಗಕ್ಕೂ ಇದೇ ಕ್ರಮ. ಅಗೆಯುವ ಬದಲು ಮೋರಿಯ ಮೂಲಕ ಪೈಪು ದಾಟಿಸಲು ಆದರೆ ಇನ್ನೂ ಉತ್ತಮ. ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಯಾದರೆ, ಮುಗಿದ ದಿನದಿಂದ ಐದು ವರ್ಷ ನಿರ್ವಹಣೆ ಗುತ್ತಿಗೆದಾರರ ಹೊಣೆ. ರಸ್ತೆಯ ಮೊದಲಲ್ಲಿ ನೆಟ್ಟಿರುವ ಫಲಕದಲ್ಲಿ ದಿನಾಂಕ ನೋಡಿಕೊಂಡು, ಅವಧಿ ಮುಗಿಯುವ ಮುಂಚಿನ ಬೇಸಿಗೆಯಲ್ಲೇ ಪಂಚಾಯಿತಿಯ ಮೂಲಕ ಬರವಣಿಗೆಯಲ್ಲಿ ದೂರು ಕೊಡಿ.