ಒತ್ತಡದ ಪ್ರಾಣವಾಯು: ಔಷಧವೂ ಹೌದು, ಅಪಾಯವೂ ಹೌದು

ಅನ್ನವಿಲ್ಲದೆ ಮನುಷ್ಯನು ಕೆಲವು ವಾರಗಳನ್ನೂ, ನೀರಿಲ್ಲದೆ ಕೆಲವು ದಿನಗಳನ್ನೂ ಕಳೆಯಬಲ್ಲನು. ಪ್ರಾಣವಾಯುವಿಲ್ಲದೆ ಕೆಲವು ನಿಮಿಷಗಳನ್ನು ಕಳೆಯುವುದೂ ದುಸ್ತರ. ಈ ಪ್ರಾಣವಾಯುವನ್ನು, ಅರ್ಥಾತ್ ಆಮ್ಲಜನಕವನ್ನು, ಮುಚ್ಚಿದ ಕೊಠಡಿಯಲ್ಲಿ ಅಧಿಕ ಒತ್ತಡದಲ್ಲಿ ಉಸಿರಾಡಿಸಿ ರೋಗಿಯನ್ನು ಉಪಚರಿಸುವ ಕ್ರಮಕ್ಕೆ ಹೈಪರ್‌ಬೇರಿಕ್ ಆಕ್ಸಿಜನ್ ಚಿಕಿತ್ಸೆ ಎಂದು ಹೆಸರು.

ರಕ್ತದಲ್ಲಿರುವ ಆಮ್ಲಜನಕದ ಬಹುಭಾಗವನ್ನು ಕೆಂಪುಕಣಗಳ ಹಿಮೋಗ್ಲೋಬಿನ್ ಹೊರುತ್ತದೆ. ಅತ್ಯಲ್ಪ ಭಾಗ ಮಾತ್ರ ರಕ್ತದ ದ್ರವದಲ್ಲಿ ಕರಗಿರುತ್ತದೆ. ಆರೋಗ್ಯವಂತನ ಹಿಮೋಗ್ಲೋಬಿನ್ ಸಾಮಾನ್ಯ ಗಾಳಿಯಿಂದಲೇ ಬಹುಮಟ್ಟಿಗೆ ತುಂಬಿರುವುದರಿಂದ ಅದಕ್ಕೆ ಇನ್ನಷ್ಟು ಹೊರಿಸಲಾಗದು. ಆದರೆ ದ್ರವದಲ್ಲಿ ಕರಗುವ ಅನಿಲದ ಪ್ರಮಾಣವು ಒತ್ತಡದೊಡನೆ ಏರುತ್ತದೆಂಬುದನ್ನು ಇಂಗ್ಲೆಂಡಿನ ವಿಲಿಯಂ ಹೆನ್ರಿ 1803ರಲ್ಲಿ ತೋರಿಸಿಕೊಟ್ಟನು. ಸಾಮಾನ್ಯವಾಗಿ 100 ಮಿಲಿಲೀಟರ್ ರಕ್ತದಲ್ಲಿ ಹೀಗೆ ಕರಗಿರುವ ಆಮ್ಲಜನಕ ಸುಮಾರು 0.3 ಮಿಲಿಲೀಟರ್. ಸಮುದ್ರಮಟ್ಟದ ಗಾಳಿಯ ಮೂರುಪಟ್ಟು ಒತ್ತಡದಲ್ಲಿ ಶುದ್ಧ ಆಮ್ಲಜನಕವನ್ನು ಉಸಿರಾಡಿದರೆ ಅದು ಸುಮಾರು 6 ಮಿಲಿಲೀಟರಿಗೆ ಏರುತ್ತದೆ. ವಿಶ್ರಾಂತಿಯಲ್ಲಿರುವ ದೇಹಕ್ಕೆ ಅಷ್ಟೇ ಸಾಕು. ಆಮ್‌ಸ್ಟರ್‌ಡ್ಯಾಮಿನ ಶಸ್ತ್ರವೈದ್ಯ ಬೂರೆಮ ಮತ್ತು ಸಂಗಡಿಗರು ಕೆಂಪುಕಣಗಳನ್ನು ಬಹುತೇಕ ತೆಗೆದ ಹಂದಿಮರಿಗಳನ್ನು ಇಂತಹ ಕೊಠಡಿಯಲ್ಲಿ ಜೀವಂತವಾಗಿರಿಸಿ, 1960ರಲ್ಲಿ ಆ ಫಲಿತಾಂಶವನ್ನು ಪ್ರಕಟಿಸಿದರು.

ಈ ಚಿಕಿತ್ಸೆಯ ಬೇರು ಕಾರ್ಮಿಕರ ಸಂಕಟದಲ್ಲಿದೆ. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಅಡಿಪಾಯವನ್ನು ನದಿಯ ತಳದಲ್ಲಿ ಒತ್ತಡದ ಗಾಳಿ ತುಂಬಿದ ಕೋಣೆಗಳೊಳಗೆ ಅಗೆಯಲಾಯಿತು. ಮೇಲೇರಿ ಬಂದವರು ಕೀಲುನೋವಿನಿಂದ ನರಳಿದರು, ಕೆಲವರು ಸತ್ತರು. ಮುಖ್ಯ ಇಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ 1872ರಲ್ಲಿ ಇದೇ ವ್ಯಾಧಿಗೆ ತುತ್ತಾಗಿ ಹಾಸಿಗೆ ಹಿಡಿದನು. ಗೋಲಿಸೋಡದ ಗೋಲಿಯನ್ನು ಒತ್ತಿದೊಡನೆ ಗುಳ್ಳೆಗಳೇಳುವಂತೆ, ಒತ್ತಡ ಥಟ್ಟನೆ ಇಳಿದಾಗ ರಕ್ತದಲ್ಲಿ ಕರಗಿದ್ದ ಸಾರಜನಕವು ಗುಳ್ಳೆಗಳಾಗುವುದೇ ಇದಕ್ಕೆ ಕಾರಣ. ಪುನಃ ಒತ್ತಡಕ್ಕೊಳಪಡಿಸಿದರೆ ಗುಳ್ಳೆಗಳು ಕುಗ್ಗುತ್ತವೆ. ಆಮ್ಲಜನಕವು ಸಾರಜನಕವನ್ನು ಹೊರದೂಡಲು ನೆರವಾಗುತ್ತದೆ. ಮುಳುಗುಗಾರರಿಗೆ ಇಂದಿಗೂ ಇದೇ ಮುಖ್ಯ ಚಿಕಿತ್ಸೆ.

ಮುಚ್ಚಿದ ಕೋಣೆಯಲ್ಲಿ ಇದ್ದಲು ಉರಿಸಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಹಿಮೋಗ್ಲೋಬಿನ್ನನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಈ ವಿಷ ಅರ್ಧಕ್ಕಿಳಿಯಲು ಸಾಮಾನ್ಯ ಗಾಳಿಯಲ್ಲಿ ನಾಲ್ಕೈದು ಗಂಟೆ ಬೇಕು. ಮೂರುಪಟ್ಟು ಒತ್ತಡದ ಆಮ್ಲಜನಕದಲ್ಲಿ ಸುಮಾರು ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆಮ್ಲಜನಕವನ್ನು ಸಹಿಸದ ಸೂಕ್ಷ್ಮಜೀವಿಗಳಿಂದಾಗುವ ಅನಿಲಕೊಳೆತದಲ್ಲಿ ಶಸ್ತ್ರಕ್ರಿಯೆ ಹಾಗೂ ಔಷಧಗಳ ಜೊತೆಗೆ ಇದನ್ನು ಬಳಸುವರು. ವಿಕಿರಣದಿಂದ ಹಾನಿಗೊಂಡ ಅಂಗಾಂಶ ಮತ್ತು ಸಕ್ಕರೆಕಾಯಿಲೆಯವರ ಮಾಯದ ಕೆಲವು ಕಾಲುಹುಣ್ಣುಗಳಲ್ಲಿ ಹೊಸ ರಕ್ತನಾಳಗಳ ಬೆಳವಣಿಗೆಗೂ ಇದು ಸಹಕಾರಿ.

ಹಾಗೆಂದು ಇದನ್ನು ಸರ್ವರೋಗ ನಿವಾರಕವೆಂದು ಭಾವಿಸಲಾಗದು. ಒತ್ತಡದ ಆಮ್ಲಜನಕವು ಸೆಳವನ್ನು ತರಬಲ್ಲುದೆಂದು ಫ್ರಾನ್ಸಿನ ಪಾಲ್ ಬೇರ್ 1878ರಲ್ಲಿಯೇ ತಿಳಿಸಿದ್ದನು. ಕಿವಿ, ಶ್ವಾಸಕೋಶಗಳಿಗೂ ಪೆಟ್ಟಾಗಬಹುದು. ಆಮ್ಲಜನಕ ಹೆಚ್ಚಿರುವೆಡೆ ಕಿಡಿಯೊಂದೇ ಘೋರ ಬೆಂಕಿಯಾಗಬಲ್ಲುದು. ಇಟಲಿಯ ಮಿಲಾನಿನಲ್ಲಿ 1997ರಲ್ಲಿ ಇಂತಹ ದುರಂತಕ್ಕೆ 11 ಜನ ಬಲಿಯಾದರು. ಆಟಿಸಂ ಮುಂತಾದವನ್ನು ಇದು ಗುಣಪಡಿಸುವುದೆಂಬ ಪ್ರಚಾರವನ್ನು ನಂಬಬಾರದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2013ರಲ್ಲಿ ಎಚ್ಚರಿಸಿತು. ಮಕ್ಕಳ ಕಾಯಿಲೆಯಿಂದ ನೊಂದ ತಾಯಿತಂದೆಯರು ಇಂತಹ ಪ್ರಚಾರಕ್ಕೆ ಬಹುಬೇಗ ಮರುಳಾಗುವುದುಂಟು.

ಅತಿಯಾದರೆ ಅಮೃತವೂ ವಿಷವೆಂಬ ನಾಣ್ಣುಡಿ ಪ್ರಾಣವಾಯುವಿಗೂ ಸಲ್ಲುತ್ತದೆ. ಎಷ್ಟು ಒತ್ತಡ, ಎಷ್ಟು ಹೊತ್ತು, ಯಾವ ರೋಗಕ್ಕೆ ಎಂಬುದನ್ನು ಬಲ್ಲ ವೈದ್ಯನ ಕೈಯಲ್ಲಿ ಮಾತ್ರ ಅದು ನಿಜವಾದ ಔಷಧವಾಗುತ್ತದೆ.